ಕೆಪ್ಪಣ್ಣ ನಿಂತದ್ದು ಯಾರ ಕೈಯಿಂದ

ಅರಸೀಕೆರೆಯ ಮಹಾಂತೇಶನ ಕೊಬ್ಬರಿ ಮಂಡಿಯಲ್ಲಿ ಯಂತ್ರ ಏಳನೆಯ ಸಲ ನಿಂತಾಗ ಮೇಧಿನಿ ಯಂತ್ರದ ಕಡೆ ನೋಡಲಿಲ್ಲ. ಯಾರು ಎಲ್ಲಿದ್ದಾರೆ ಎಂದು ನೋಡಿದಳು. ಗಿಡ್ಡಪ್ಪ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಮಂಜುಳಾ ಸ್ವಿಚ್ ಬೋರ್ಡಿಗೆ ಎರಡು ಮಾರು ದೂರದಲ್ಲಿ ಬುಟ್ಟಿ ಇಳಿಸುತ್ತಿದ್ದಳು. ಕಾಯಿ ಸುಲಿಯುವವರು ಹಿತ್ತಲಲ್ಲಿದ್ದರು. ಗಂಟೆ ಮೂರೂ ಹತ್ತು. ಇಷ್ಟನ್ನೂ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಅವಳು ಯಂತ್ರದ ಹತ್ತಿರ ಹೋದದ್ದು. ಅಷ್ಟರಲ್ಲಿ ಅದು ತಾನಾಗಿಯೇ ಮತ್ತೆ ಶುರುವಾಗಿ, ಏನೂ ಆಗದ ಹಾಗೆ ದೀಪ ಮಿಟುಕಿಸುತ್ತಿತ್ತು. ಬೆಳಗಿನಿಂದ ಅದು ಕೇಳಿಸಿಕೊಂಡಿದ್ದ ಸದ್ದುಗಳೆಲ್ಲ ಅಳಿಸಿಹೋಗಿದ್ದವು.

ಕಾಯಿಯ ಸದ್ದು ಕೇಳುವುದೇ ಆ ಯಂತ್ರದ ಕೆಲಸ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಸುಲಿದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿದೆಯೋ ಇಲ್ಲವೋ ಎಂದು ಗೊತ್ತಾಗುತ್ತದೆ. ಬಿಟ್ಟಿದ್ದರೆ ಲೊಟಲೊಟ ಎನ್ನುತ್ತದೆ. ಹಸಿ ಉಳಿದಿದ್ದರೆ ಸದ್ದು ಒಳಗೇ ಉಳಿಯುತ್ತದೆ. ಇದನ್ನು ಹೇಳಲು ಮಂಡಿಗಳಲ್ಲಿ ಕಿವಿ ಪಳಗಿದವರು ಇರುತ್ತಾರೆ. ಗಿಡ್ಡಪ್ಪ ಇಪ್ಪತ್ತಾರು ವರ್ಷದಿಂದ ಮಹಾಂತೇಶನ ಮಂಡಿಯ ಕಿವಿಯಾಗಿದ್ದ. ಆರು ವಾರದ ಹಿಂದೆ ಆ ಕೆಲಸಕ್ಕೆ ಯಂತ್ರ ಬಂತು. ಬಟ್ಟಲಲ್ಲಿ ಕಾಯಿ ಇಟ್ಟು ಪೆಡಲ್ ಒತ್ತಿದರೆ ಬಟ್ಟಲು ಅದನ್ನು ಅಲ್ಲಾಡಿಸಿ, ಸದ್ದು ಕೇಳಿ, ಹಸಿರು ಇಲ್ಲವೇ ಕೆಂಪು ದೀಪ ಹತ್ತಿಸುತ್ತಿತ್ತು. ಮಹಾಂತೇಶ ಗಿಡ್ಡಪ್ಪನನ್ನೇ ಅದರ ಮುಂದೆ ಕೂರಿಸಿದ. ಮೊದಲ ಸಲ ನಿಂತ ದಿನ ಮಂಜುಳಾ ಅದಕ್ಕೆ ಕೆಪ್ಪಣ್ಣ ಎಂದು ಹೆಸರಿಟ್ಟಳು. ಆ ಹೆಸರೇ ಉಳಿಯಿತು.

ಯಂತ್ರ ಮಾಡಿದ್ದು ಬಿ.ಎಚ್. ರಸ್ತೆಯ ಒಂದು ಮಹಡಿಯ ಮೇಲಿನ ಮೂರು ಜನರ ಕಂಪನಿ. ರಘುರಾಮ್ ಅದರ ಯಜಮಾನ. ಯಂತ್ರದ ಹೊಟ್ಟೆಯಲ್ಲೊಂದು ಸಣ್ಣ ಕಂಪ್ಯೂಟರು, ಅದರ ತಳದಲ್ಲಿ ಕರ್ನೆಲ್ ಎಂಬ ತಂತ್ರಾಂಶ. ಯಾವ ಕೆಲಸಕ್ಕೆ ನೆನಪಿನಲ್ಲಿ ಎಷ್ಟು ಜಾಗ ಎಂದು ಹಂಚಿಕೊಡುವುದು ಅದರ ಹೊಣೆ. ಆ ಕರ್ನೆಲ್ಲಿಗೆ ಸದ್ದು ಕೇಳುವ ಭಾಗವನ್ನು ಬರೆದು ಸೇರಿಸಿದವಳು ಮೇಧಿನಿ. ಮನೆಗೆ ಬೀಗ ಹಾಕಿ, ಬೀದಿಯ ತಿರುವಿನಿಂದ ವಾಪಸ್ಸು ಬಂದು ಎಳೆದು ನೋಡುವ ಸ್ವಭಾವ ಅವಳದು. ಈ ಕೆಲಸಕ್ಕೆ ಅಂಥ ಸ್ವಭಾವವೇ ಸರಿ ಎಂದು ರಘುರಾಮ್ ಹೇಳುತ್ತಿದ್ದ.

ಅನುಮಾನಕ್ಕೆ ಕಾರಣಗಳು ಇಲ್ಲದಿರಲಿಲ್ಲ. ಏಳರಲ್ಲಿ ಆರು ಸಲ ಯಂತ್ರ ನಿಂತದ್ದು ಹರಾಜಿನ ಹಿಂದಿನ ದಿನ, ಮಂಡಿಗೆ ಅದು ಬೇಕೇ ಬೇಕಾದ ದಿನ. ಆ ದಿನಗಳಲ್ಲಿ ಸಾವಿರದ ಐನೂರು ಕಾಯಿ ಬರುತ್ತಿತ್ತು ನಿಜ. ಆದರೆ ಮೂರು ಸಾವಿರದವರೆಗೆ ಅವಳೇ ಪರೀಕ್ಷಿಸಿದ್ದಳು. ಇಂಥದೇ ಇನ್ನೊಂದು ಯಂತ್ರ ಹಳೇಬೀಡಿನ ಒಂದು ಗೋದಾಮಿನಲ್ಲಿತ್ತು. ಅದರ ಪರದೆಯೂ ದಿನಕ್ಕೆ ಸಾವಿರದ ಐನೂರು ತೋರಿಸುತ್ತಿತ್ತು, ಅದು ಒಮ್ಮೆಯೂ ನಿಂತಿರಲಿಲ್ಲ. ಯಂತ್ರ ಒಂದೇ, ತಂತ್ರಾಂಶ ಒಂದೇ, ಬೇರೆಯಿದ್ದದ್ದು ಮನುಷ್ಯರು. ಸಾಲದ್ದಕ್ಕೆ, ನಿಲ್ಲುವ ಮೊದಲು ಕೆಪ್ಪಣ್ಣ ಒಂದಕ್ಷರವನ್ನೂ ಬರೆದಿಡುತ್ತಿರಲಿಲ್ಲ. ಯಾರೋ ವೈರು ಕಿತ್ತರೆ ಹಾಗಾಗುತ್ತದೆ. ವೈರಿನ ಜೋಡಣೆ, ಎಂದರೆ ಪ್ಲಗ್ಗು ಸಿಕ್ಕಿಸುವ ಬಾಕ್ಸು, ಗಿಡ್ಡಪ್ಪನ ಸ್ಟೂಲಿನ ಕೆಳಗೇ ಇತ್ತು. ಯಂತ್ರ ಕೆಟ್ಟದ್ದೆಂದಾದರೆ ಯಾರಿಗೆ ಒಳ್ಳೆಯದು ಎಂದು ಯಾರೂ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಹಿಂದಿನ ಮುಚ್ಚಳ ಬಿಚ್ಚಿ ಮೊದಲೇ ಲ್ಯಾಪ್‌ಟಾಪ್ ಜೋಡಿಸಿಟ್ಟಿದ್ದರೆ, ನಿಲ್ಲುವ ಕ್ಷಣದಲ್ಲಿ ಯಂತ್ರ ಆಡಿದ ಕೊನೆಯ ಮಾತು ಸಿಕ್ಕಬಹುದಿತ್ತು. ಅವಳು ಜೋಡಿಸಲಿಲ್ಲ. ಉತ್ತರ ಗೊತ್ತಿದೆ, ಬೇಕಾದದ್ದು ಸಾಕ್ಷಿ ಎಂದುಕೊಂಡಿದ್ದಳು.

ಬುಧವಾರ ಮಹಾಂತೇಶ ಅವಳನ್ನು ಗಲ್ಲಾದ ಪಕ್ಕ ಕೂರಿಸಿಕೊಂಡು ಮಾತಾಡಿದ.

"ನೋಡ್ರಮ್ಮ, ಕಂಪ್ಯೂಟರ್ ವಿಷಯ ನನಗೆ ತಿಳಿಯಲ್ಲ. ಯಂತ್ರದ್ ತಪ್ಪೋ, ಮನುಷ್ಯನ್ ಕೈಯೋ, ಒಂದ್ ಹಾಳೆ ಮೇಲೆ ಬರ್ದು ಕೊಡಿ. ಯಂತ್ರದ್ದಾದ್ರೆ ಎತ್ಕೊಂಡ್ ಹೋಗಿ. ಕೈಯಾದ್ರೆ ಗಿಡ್ಡಪ್ಪನ್ನ ಮನೆಗ್ ಕಳಿಸ್ತೀನಿ. ಇಪ್ಪತ್ತಾರ್ ವರ್ಷ ಅಂತೆಲ್ಲ ನೋಡಲ್ಲ."

ಸಂಜೆ ರಘುರಾಮ್‌ಗೆ ಇದನ್ನು ಹೇಳಿದಾಗ, ಇದರಲ್ಲಿ ಯೋಚಿಸುವುದೇನಿದೆ, ಹಳೇಬೀಡಿನದು ನಿಲ್ಲುತ್ತಿಲ್ಲವಲ್ಲ, ಕೈ ಎಂದು ಬರೆದುಬಿಡಿ ಎಂದ. ಅವನ ಆತುರ ಅವಳಿಗೆ ಹಿಡಿಸಲಿಲ್ಲ. ತಂತ್ರಾಂಶಕ್ಕೆ ಅವನೂ ಆಗಾಗ ಕೈ ಹಾಕುವವನೇ. ಅವನ ಹೆಸರನ್ನೂ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು, ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದಳು.

ಗುರುವಾರ ಬೆಳಿಗ್ಗೆ ವೈರಿನ ಜೋಡಣೆಗೆ ಬಿಳಿ ಕಾಗದ ಸುತ್ತಿ, ಗೋಂದು ಹಚ್ಚಿ, ಮೇಲೆ ಸಹಿ ಹಾಕಿದಳು. ಮನೆಗೆ ಹೋಗಿ ಊಟ ಮಾಡಿ ಎರಡು ಗಂಟೆಗೆ ಬಂದಾಗ ಕಾಗದ ಹರಿದಿತ್ತು. ಎಲ್ಲರೂ ಇದ್ದಾಗಲೇ, ಮಹಾಂತೇಶ ಬಾಗಿಲಲ್ಲಿ ನಿಂತಿದ್ದಾಗಲೇ, ಇದನ್ನು ಕಿತ್ತವರು ಯಾರು ಎಂದು ಗಿಡ್ಡಪ್ಪನನ್ನು ಕೇಳಿದಳು.

"ಇಲಿ ಕಡ್ದಿರ್ಬೋದು ಕಣವ್ವ," ಎಂದ ಗಿಡ್ಡಪ್ಪ, ಅವಳ ಮುಖ ನೋಡದೆ.

"ಇಲಿ ಇಷ್ಟು ನೇರವಾಗಿ ಕಡಿಯತ್ತಾ?"

"ಅದ್ನ ಇಲೀನೇ ಕೇಳ್ಬೇಕು. ನಾನ್ ಕಾಯಿ ಸದ್ ಕೇಳೋನು."

ಬುಟ್ಟಿ ಹೊರುವ ಹೆಂಗಸರು ನಕ್ಕರು. ಮಂಜುಳಾ ಒಬ್ಬಳೇ ನಗದೆ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಮೇಧಿನಿ ಅದನ್ನು ಗಮನಿಸಿದಳು. ಇವರಿಬ್ಬರೂ ಸೇರಿಯೇ ಇದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಆ ಮಧ್ಯಾಹ್ನವೇ ಆಫೀಸಿನಲ್ಲಿ ಕೂತು ಮಹಾಂತೇಶ ಕೇಳಿದ್ದ ಕಾಗದದ ಕರಡು ಬರೆದಳು. ಮಾತು ತೂಗದೆ ಬರೆಯುವವಳಲ್ಲ. 'ಗಿಡ್ಡಪ್ಪ ವೈರು ಕಿತ್ತಿದ್ದಾರೆ' ಎಂದು ಬರೆಯಬೇಕಾದರೆ ಕಣ್ಣಾರೆ ಕಂಡಿರಬೇಕು, ಕಂಡಿರಲಿಲ್ಲ. ಆದ್ದರಿಂದ 'ಕಿತ್ತಿರುವ ಸಾಧ್ಯತೆ ಇದೆ' ಎಂದು ಬರೆದಳು. ಮುಂದಿನ ವಾಕ್ಯ: 'ಹಳೇಬೀಡಿನಲ್ಲಿ ಇದೇ ಯಂತ್ರವನ್ನು ಇದೇ ರೀತಿ ಬಳಸುತ್ತಿದ್ದು, ಅಲ್ಲಿ ಯಾವ ತೊಂದರೆಯೂ ಕಂಡುಬಂದಿಲ್ಲ.' ಇದೇ ರೀತಿ ಎಂಬಲ್ಲಿ ಅವಳ ಬೆರಳು ನಿಂತಿತು. ಯಂತ್ರ ಇಟ್ಟುಬಂದ ದಿನದ ನಂತರ ಅವಳು ಹಳೇಬೀಡಿಗೆ ಹೋಗಿರಲೇ ಇಲ್ಲ. ಕರಡನ್ನು ಎಲ್ಲರೂ ಬಳಸುವ ಆಫೀಸಿನ ಕಂಪ್ಯೂಟರಿನಲ್ಲೇ ಬಿಟ್ಟು, ಆ ಎರಡು ಪದಗಳಿಗಾಗಿ ಮರುದಿನ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದಳು.

ಹಳೇಬೀಡಿನ ಗೋದಾಮಿನಲ್ಲಿ ಯಂತ್ರ ನೋಡಿಕೊಳ್ಳುವವಳು ಉಷಾರಾಣಿ. ಬಿ.ಕಾಂ. ಓದಿದ ಹುಡುಗಿ, ದಿನಾ ಬೇಲೂರಿನಿಂದ ಬಂದು ಹೋಗುತ್ತಿದ್ದಳು. ಯಂತ್ರದ ಪಕ್ಕದ ಗೋಡೆಗೆ ಮೇಧಿನಿ ಬರೆದ ಸೂಚನೆಗಳ ಹಾಳೆಯನ್ನು ಅಂಟಿಸಿಕೊಂಡಿದ್ದಳು. ಕಾಯಿ ಇಡುವುದು, ಪೆಡಲ್ ಒತ್ತುವುದು, ದೀಪ ನೋಡುವುದು, ಬುಟ್ಟಿಗೆ ಹಾಕುವುದು. ಮಧ್ಯೆ ಮಧ್ಯೆ ಮೊಬೈಲು ನೋಡುವಷ್ಟು ಬಿಡುವೂ ಇರುತ್ತಿತ್ತು. ಮೇಧಿನಿ ಅರ್ಧ ಗಂಟೆ ನಿಂತು ನೋಡಿದಳು. ತಪ್ಪೇನೂ ಕಾಣಲಿಲ್ಲ, ಆದರೆ ಏನೋ ಕಡಿಮೆ ಇದೆ ಎನ್ನಿಸಿತು.

ಕಡಿಮೆ ಇದ್ದದ್ದು ಗಿಡ್ಡಪ್ಪನ ಅಭ್ಯಾಸ. ಅವನು ಒಂದೊಂದು ಕಾಯಿಗೂ ಮೂರು ಸಲ ಪೆಡಲ್ ಒತ್ತುತ್ತಿದ್ದ. ಮೊದಲು ಕಾಯಿಯ ಕಣ್ಣು ಮೇಲಾಗಿ, ಆಮೇಲೆ ಬಟ್ಟಲಿನಿಂದ ಎತ್ತದೆಯೇ ತಿರುಗಿಸಿ ಕಣ್ಣು ಕೆಳಗಾಗಿ, ಕೊನೆಗೆ ಅಡ್ಡಡ್ಡ. ಕೊಬ್ಬರಿ ಒಂದು ಮಗ್ಗುಲಿಗೆ ಅಂಟಿಕೊಂಡಿದ್ದರೆ ಒಂದೇ ಸಲಕ್ಕೆ ತಿಳಿಯದು. ಕೈಯಲ್ಲಿ ಕಾಯಿ ನೋಡುವವರೆಲ್ಲ ಹಾಗೆಯೇ ಮೂರು ಬಗೆಯಲ್ಲಿ ಅಲ್ಲಾಡಿಸುತ್ತಾರೆ. ಆರು ವಾರದಿಂದ ಅವಳು ಅದನ್ನು ನೋಡುತ್ತಲೇ ಇದ್ದಳು. ಬೇಕೆಂದೇ ಕೆಲಸ ನಿಧಾನ ಮಾಡುತ್ತಾನೆ ಎಂದು ಅವನ ಹೆಸರಿನ ಕೆಳಗೆ ಬರೆದೂ ಇದ್ದಳು. ಪರದೆಯ ಮೇಲಿನ ಅಂಕಿ ಏರುವುದು ಕಾಯಿಯನ್ನು ಬಟ್ಟಲಿನಿಂದ ಎತ್ತಿದಾಗ ಮಾತ್ರ. ಹಳೇಬೀಡಿನಲ್ಲಿ ಸಾವಿರದ ಐನೂರು ಕಾಯಿ ಎಂದರೆ ಸಾವಿರದ ಐನೂರು ಸದ್ದು. ಅರಸೀಕೆರೆಯಲ್ಲಿ ನಾಲ್ಕೂವರೆ ಸಾವಿರ.

ಅವಳು ಉಷಾರಾಣಿಗೆ ಇವತ್ತೊಂದು ದಿನ ಪ್ರತಿ ಕಾಯಿಯನ್ನೂ ಮೂರು ಸಲ ಆಡಿಸು ಎಂದಳು.

"ಯಾಕೆ ಮೇಡಂ? ಒಂದೇ ಸಲ ಅಂತ ನೀವೇ ಬರ್ದಿದೀರಲ್ಲ."

"ಬರ್ದಿದೀನಿ. ಆದ್ರೂ ಮಾಡು."

ಈ ಸಲ ಅವಳು ಮುಚ್ಚಳ ಬಿಚ್ಚಿ ಲ್ಯಾಪ್‌ಟಾಪ್ ಜೋಡಿಸಿದಳು. ತಾನೇ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ಕೂತಳು, ಯಾರೂ ಅದರ ಹತ್ತಿರ ಬರುವಂತಿರಲಿಲ್ಲ. ಊಟವನ್ನೂ ಅಲ್ಲೇ ಮಾಡಿದಳು. ಎರಡು ಮುಕ್ಕಾಲಿಗೆ ಇನ್ನೂ ಐದು ನಿಮಿಷವಿರುವಾಗ ಬಟ್ಟಲು ಅರ್ಧಕ್ಕೇ ನಿಂತಿತು. ದೀಪ ಆರಿ, ಒಂದು ಕ್ಷಣ ಬಿಟ್ಟು ಮತ್ತೆ ಹೊತ್ತಿಕೊಂಡಿತು. ಉಷಾರಾಣಿ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಅವಳನ್ನು ಅನುಮಾನಿಸಲು ಏನೂ ಉಳಿದಿರಲಿಲ್ಲ. ಲ್ಯಾಪ್‌ಟಾಪಿನ ಮೇಲೆ ಯಂತ್ರದ ಕೊನೆಯ ಇಪ್ಪತ್ತು ಸಾಲುಗಳಿದ್ದವು. ತಂತ್ರಾಂಶದ ಯಾವ ಸಾಲಿನಲ್ಲಿ ಎಡವಿತು ಎಂಬುದನ್ನು ಅದು ಗುರುತು ಸಮೇತ ಹೇಳಿತ್ತು.

"ಕೆಟ್ಟೋಯ್ತಾ ಮೇಡಂ? ನಾನೇನ್ ಮಾಡ್ಲಿಲ್ಲ," ಎಂದಳು ಉಷಾರಾಣಿ.

ಆ ಮಾತು ಮೇಧಿನಿಗೆ ಚುಚ್ಚಿತು. ನೀನಲ್ಲ ಎಂದು ಸಮಾಧಾನ ಹೇಳಿ, ಆದದ್ದನ್ನು ವಿವರಿಸಲು ಕೂತಳು. ನೆನಪನ್ನು ಒಂದೇ ಅಳತೆಯ ತುಂಡುಗಳಾಗಿ ಮಾಡಿರುತ್ತಾರೆ, ಒಂದೊಂದು ತುಂಡೂ ಒಂದು ಪುಟ. ಯಾವ ಸದ್ದು ಯಾವ ಪುಟದಲ್ಲಿದೆ ಎಂದು ತೋರಿಸಲು ಒಂದು ಪಟ್ಟಿ ಬೇಕು. ಆ ಪಟ್ಟಿಯನ್ನು ಬರೆದಿಡಲೂ ಪುಟ ಬೇಕು. ಉಷಾರಾಣಿ ತಲೆಯಾಡಿಸಿದಳು, ಅರ್ಥವಾದ ಹಾಗೆ ಕಾಣಲಿಲ್ಲ.

"ಛತ್ರದಲ್ಲಿ ಕೋಣೆ ಕೊಡೋ ಗುಮಾಸ್ತ ಇರ್ತಾನಲ್ಲ," ಎಂದಳು ಮೇಧಿನಿ. "ಯಾರು ಯಾವ ಕೋಣೇಲಿದಾರೆ ಅಂತ ಪುಸ್ತಕದಲ್ಲಿ ಬರ್ಕೋತಾನೆ. ಕೋಣೆಗಳೇನೋ ಖಾಲಿ ಇವೆ. ಪುಸ್ತಕದಲ್ಲಿ ಹಾಳೆ ಮುಗೀತು. ಆಗೇನ್ ಮಾಡ್ಬೇಕು?"

"ಹಾಳೆ ಇಲ್ಲ, ಸ್ವಲ್ಪ ಇರಿ ಅನ್ಬೇಕು."

"ಇವನು ಇಲ್ಲದ ಹಾಳೆ ಮೇಲೆ ಬರೆಯೋಕೆ ಹೋದ."

ಸದ್ದುಗಳಿಗಾಗಿ ಅವಳು ಹತ್ತು ಸಾವಿರದಷ್ಟು ಜಾಗವನ್ನು ಮೊದಲೇ ಕಾದಿರಿಸಿದ್ದಳು. ಪಟ್ಟಿಗೆ ಕಾದಿರಿಸಿರಲಿಲ್ಲ. ಪ್ರತಿ ಸದ್ದಿಗೂ ಅವಳು ಕೊಟ್ಟಿದ್ದ ವಿಳಾಸ ಒಂದಕ್ಕೊಂದು ಎಷ್ಟು ದೂರವೆಂದರೆ ಒಂದೊಂದಕ್ಕೂ ಪಟ್ಟಿಯ ಹೊಸ ಪುಟವೇ ಬೇಕಾಗುತ್ತಿತ್ತು. ಸಂಜೆ ಸದ್ದುಗಳನ್ನು ಆಫೀಸಿಗೆ ಕಳಿಸುವವರೆಗೆ ಆ ಪುಟಗಳು ಬಿಡುಗಡೆಯಾಗುವಂತಿರಲಿಲ್ಲ. ಮೂರು ಸಾವಿರ ದಾಟಿ ಒಂದಿಷ್ಟು ಆಗುವಾಗ ಪುಟ ಕೇಳಿದರೆ ಕರ್ನೆಲ್ ಇಲ್ಲ ಎನ್ನುತ್ತಿತ್ತು. ಇಲ್ಲ ಎಂದದ್ದನ್ನು ಕೇಳಿಸಿಕೊಳ್ಳಬೇಕು, ಅಲ್ಲಿಯವರೆಗೆ ಅರ್ಧ ಮಾಡಿದ ಕೆಲಸವನ್ನು ಬಂದ ದಾರಿಯಲ್ಲೇ ಹಿಂದೆ ಹೋಗಿ ಬಿಚ್ಚಬೇಕು, ಕೇಳಿದವರಿಗೆ ಆಗಲಿಲ್ಲವೆಂದು ಹೇಳಬೇಕು. ಆ ಸಾಲಿನಲ್ಲಿ ಇದ್ಯಾವುದೂ ಇರಲಿಲ್ಲ. ಪುಟ ಸಿಕ್ಕಿತೆಂದೇ ತಿಳಿದು ಮುಂದೆ ನಡೆದಿತ್ತು.

ಮೇಧಿನಿಗೆ ತಟ್ಟನೆ ನೆನಪಾದದ್ದು ರಘುರಾಮ್. ಇಂಥ ಅಡ್ಡದಾರಿ ಅವನದೇ ಇರಬೇಕು. ಯಾವ ಸಾಲನ್ನು ಯಾರು, ಯಾವತ್ತು ಬರೆದರು ಎಂಬ ದಾಖಲೆ ಲ್ಯಾಪ್‌ಟಾಪಿನಲ್ಲಿತ್ತು. ತೆರೆದು ನೋಡಿದಳು. ಎರಡು ವರ್ಷದ ಹಿಂದಿನ ಒಂದು ಮಂಗಳವಾರ, ಮೇಧಿನಿ. ಸಾಲಿನ ಮೇಲೆ ಅವಳದೇ ಒಂದು ಟಿಪ್ಪಣಿಯೂ ಇತ್ತು: ಕೇಳುವುದು ಒಂದೇ ಪುಟ, ಇದು ಸಿಗದೇ ಇರುವುದಿಲ್ಲ. ಸಣ್ಣದನ್ನು ಕೇಳಿದರೆ ಕರ್ನೆಲ್ ಇಲ್ಲವೆನ್ನುವುದಿಲ್ಲ ಎಂದು ಕಸುಬಿನ ಹಿರಿಯರು ಹೇಳುವುದನ್ನು ಅವಳು ಕೇಳಿದ್ದಳು. ಮಂಡಿಯಲ್ಲಿ ಯಾರ ಮಾತನ್ನೂ ನಂಬದವಳು ಈ ಒಂದು ಮಾತನ್ನು ಎಳೆದು ನೋಡದೆ ನಂಬಿದ್ದಳು.

ರಘುರಾಮ್‌ಗೆ ಫೋನು ಮಾಡಿ ಕಾಗದ ಬದಲಾಯಿಸಬೇಕು ಎಂದಳು.

"ಅದು ಹೋಯ್ತಲ್ಲ. ಬೆಳಿಗ್ಗೇನೇ ಮಹಾಂತೇಶ್ ಅವ್ರಿಗೆ ವಾಟ್ಸಾಪ್ ಮಾಡ್ದೆ."

"ಅದು ಕರಡು."

"ಚೆನ್ನಾಗೇ ಇತ್ತು. 'ಸಾಧ್ಯತೆ ಇದೆ' ಅನ್ನೋದನ್ನ ತೆಗೆದೆ, ಅಷ್ಟೆ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಆ ವಾಕ್ಯವನ್ನು ಮನಸ್ಸಿನಲ್ಲೇ ಓದಿಕೊಂಡಳು. ಅನುಮಾನದ ಪದ ಹೋದರೆ ಉಳಿಯುವುದು ಆರೋಪ. ಕೆಳಗಿದ್ದದ್ದು ಅವಳ ಹೆಸರು.

ಶನಿವಾರ ಬೆಳಿಗ್ಗೆ ಮಂಡಿಗೆ ಹೋದಾಗ ಸ್ಟೂಲು ಖಾಲಿಯಿತ್ತು. ಹಿಂದಿನ ದಿನ ಮಧ್ಯಾಹ್ನವೇ ಗಿಡ್ಡಪ್ಪನನ್ನು ಕಳಿಸಿಯಾಗಿತ್ತು. ತಪ್ಪು ತನ್ನದು, ವೈರನ್ನು ಯಾರೂ ಕಿತ್ತಿಲ್ಲ ಎಂದು ಅವಳು ಮಹಾಂತೇಶನಿಗೆ ಹೇಳಿದಳು. ಅವನು ನಂಬಲು ತುಸು ಹೊತ್ತು ತೆಗೆದುಕೊಂಡ. ಗುರುವಾರ ಎಲ್ಲರೆದುರಿಗೆ ಕೇಳಿದವರು ನೀವೇ, ಕಾಗದ ಬರೆದವರು ನೀವೇ, ಈಗ ಅಲ್ಲ ಅನ್ನುವವರೂ ನೀವೇ, ನಾನು ಯಾವ ಮೇಧಿನಿಯನ್ನು ನಂಬಬೇಕು ಎಂದ. ಅವಳಿಗೆ ಕೋಪ ಬರಲಿಲ್ಲ. ಅವನ ಜಾಗದಲ್ಲಿದ್ದರೆ ತಾನೂ ಹಾಗೆಯೇ ಕೇಳುತ್ತಿದ್ದೆ ಎನ್ನಿಸಿತು.

ಆಗ ಮಂಜುಳಾ ಹತ್ತಿರ ಬಂದು, ಗುರುವಾರ ವೈರಿಗೆ ಸುತ್ತಿದ್ದ ಕಾಗದ ಹರಿದದ್ದು ತಾನು ಎಂದಳು. ಅವತ್ತು ಕಾಯಿ ಕಡಿಮೆಯಿದ್ದು ಊಟದ ಹೊತ್ತಿನಲ್ಲಿ ಯಂತ್ರ ಆರಿಸಿದ್ದಾಗ, ಅದರ ಪ್ಲಗ್ಗು ತೆಗೆದು ಅಲ್ಲಿ ಮೊಬೈಲ್ ಚಾರ್ಜಿಗೆ ಹಾಕಿದ್ದಳಂತೆ. ಗಿಡ್ಡಪ್ಪ ನೋಡಿಯೂ ಹೇಳಿರಲಿಲ್ಲ.

"ಅವತ್ತೇ ಹೇಳ್ಬೇಕಿತ್ತು ಮೇಡಂ. ನಿಮ್ ಮುಖ ನೋಡಿ ಹೆದರ್ಕೊಂಡೆ."

ಮಹಾಂತೇಶ ಮೀಸೆ ತಿರುವಿದ. ಸೋಮವಾರ ಗಿಡ್ಡಪ್ಪನನ್ನು ಕರೆಸುತ್ತೇನೆ, ಯಂತ್ರ ಇನ್ನೊಂದು ಸಲ ನಿಂತರೆ ಅದನ್ನು ನೀವೇ ಹೊತ್ತುಕೊಂಡು ಹೋಗಬೇಕು ಎಂದ. ಹಳೆಯ ಕಾಗದವನ್ನು ಫೋನಿನಿಂದ ಅಳಿಸಿಬಿಡಿ ಎಂದು ಅವಳು ಕೇಳಿದಳು.

"ಇರ್ಲಿ ಬಿಡಿ. ಒಂದ್ ಕಡೆ ಬಿದ್ದಿರತ್ತೆ," ಎಂದು ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಯಾತಕ್ಕೆ ಬಿದ್ದಿರುತ್ತದೆ ಎಂದು ಅವಳು ಕೇಳಲಿಲ್ಲ. ಮುಂದೆ ಎಂದಾದರೂ ಗಿಡ್ಡಪ್ಪ ಬೇಡವಾದ ದಿನ ಅದು ಹೊರಗೆ ಬರುತ್ತದೆ ಎಂದು ಅವಳಿಗೆ ತೋರಿತು. ಇದು ಬರಿಯ ಅನುಮಾನವಿರಬಹುದು. ಇರಬಹುದು ಎಂಬುದೇ ಸಾಕಾಗಿತ್ತು.

ಶನಿವಾರವೂ ಭಾನುವಾರವೂ ಅವಳು ಆ ಭಾಗವನ್ನು ಸಾಲುಸಾಲಾಗಿ ತಿದ್ದಿದಳು. ಸದ್ದುಗಳನ್ನು ಒತ್ತೊತ್ತಾಗಿ ಇಟ್ಟಳು. ಪುಟ ಕೇಳಿದ ಕಡೆಯಲ್ಲೆಲ್ಲ ಉತ್ತರ ನೋಡುವ ಸಾಲು ಸೇರಿಸಿದಳು. ಪುಟ ಸಿಗದಿದ್ದರೆ ಯಂತ್ರ ಹಳದಿ ದೀಪ ಹಚ್ಚಿ, ಆಗಲೇ ಕೇಳಿದ ಸದ್ದುಗಳನ್ನು ಆಫೀಸಿಗೆ ಕಳಿಸಿ, ಜಾಗ ಮಾಡಿಕೊಂಡು ಮುಂದುವರಿಯಬೇಕು. ಮಂಡಿಯ ಬೀಗದ ಕೈ ಇಸಿದುಕೊಂಡು ಭಾನುವಾರ ಮಧ್ಯಾಹ್ನ ಒಂದೇ ಕಾಯಿಯನ್ನು ಬಟ್ಟಲಲ್ಲಿಟ್ಟು, ಪೆಡಲನ್ನು ಕಟ್ಟಿಹಾಕಿ, ಆರು ಸಾವಿರ ಸಲ ಆಡಿಸಿದಳು. ನಡುವೆ ಎರಡು ಸಲ ಬೇಕೆಂದೇ ಪುಟ ಸಿಗದ ಹಾಗೆ ಮಾಡಿದಳು, ಎರಡು ಸಲವೂ ಹಳದಿ ದೀಪ ಹತ್ತಿತು. ಯಂತ್ರ ನಿಲ್ಲಲಿಲ್ಲ. ರಘುರಾಮ್‌ಗೆ ತಾನು ಇನ್ನೊಂದು ಕಾಗದ ಬರೆಯುವುದಾಗಿ ತಿಳಿಸಿದಳು. ಕಂಪನಿಯ ಹೆಸರು ಹಾಳಾಗುತ್ತದೆ ಎಂದ. ಕಂಪನಿಯ ಹೆಸರಿನಲ್ಲಿ ಬರೆಯುವುದಿಲ್ಲ ಎಂದಳು.

ಸೋಮವಾರ ಗಿಡ್ಡಪ್ಪ ಬಂದ. ಒಳಗೆ ಬರದೆ ಜಗಲಿಯಲ್ಲೇ ನಿಂತ. ಮೇಧಿನಿ ಕಾಗದವನ್ನು ಅವನ ಕೈಗೇ ಕೊಟ್ಟಳು. ಅವನು ಅದನ್ನು ತಿರುಗಿಸಿ ನೋಡಿ ಮಂಜುಳಾಗೆ ಕೊಟ್ಟ. ಮಂಜುಳಾ ಎಲ್ಲರಿಗೂ ಕೇಳುವ ಹಾಗೆ ಓದಿದಳು: ಯಂತ್ರ ಏಳು ಸಲ ನಿಂತದ್ದು ತಂತ್ರಾಂಶದ ತಪ್ಪಿನಿಂದ; ಆ ತಪ್ಪು ಮಾಡಿದವಳು ಮೇಧಿನಿ; ಗಿಡ್ಡಪ್ಪನವರು ವೈರನ್ನು ಮುಟ್ಟಿಲ್ಲ, ಕಾಯಿಯನ್ನು ಮೂರು ಬಗೆಯಲ್ಲಿ ನೋಡಿದ್ದು ಸರಿಯಾದ ಕೆಲಸ; ಈ ಮೊದಲು ನನ್ನ ಹೆಸರಿನಲ್ಲಿ ಬಂದ ಕಾಗದ ಸುಳ್ಳು.

"ಆ ಸುಳ್ಳು ಅನ್ನೋ ತಾವ ಇನ್ನೊಂದ್ ಸತಿ ಓದವ್ವ," ಎಂದ ಗಿಡ್ಡಪ್ಪ.

ಮಂಜುಳಾ ಓದಿದಳು. ಕ್ಷಮಿಸಿ ಎಂದು ಹೇಳಲು ಮೇಧಿನಿ ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಅದಿರ್ಲಿ. ನಾಳೀಕ್ ಸಾವ್ಕಾರ್ರು ತಿರುಗ್ ಆ ಕಾಗ್ದ ತೆಗುದ್ರೆ ನಾನ್ ಯಾರ್ನ ಕರೀಲಿ? ಇದ್ರಲ್ ನಿಮ್ ನಂಬ್ರ ಐತಾ?"

ಇರಲಿಲ್ಲ. ಅವಳು ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿಯ ಕೆಳಗೆ ತನ್ನ ಫೋನಿನ ಸಂಖ್ಯೆ ಬರೆದಳು. ಗಿಡ್ಡಪ್ಪ ಅಂಗಿಯ ಒಳಜೇಬಿನಿಂದ ಗುಂಡಿಯ ಫೋನೊಂದನ್ನು ತೆಗೆದು ಮಂಜುಳಾ ಕೈಗೆ ಕೊಟ್ಟ.

"ಒತ್ತು."

ಮಂಜುಳಾ ಒಂದೊಂದೇ ಅಂಕಿಯನ್ನು ಜೋರಾಗಿ ಹೇಳುತ್ತಾ ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಎಲ್ಲರೂ ಮೇಧಿನಿಯ ಚೀಲವನ್ನೇ ನೋಡುತ್ತಿದ್ದರು. ಸರಿಯಾಗಿ ಬರೆದೆನೋ ಇಲ್ಲವೋ ಎಂದು ಅವಳೂ ಬಗ್ಗಿ ಕಾಗದದ ಅಂಕಿಗಳನ್ನು ನೋಡಿದಳು. ಆಮೇಲೆ ಚೀಲದೊಳಗೆ ಫೋನು ರಿಂಗಾಯಿತು.

ಗಿಡ್ಡಪ್ಪ ಅದು ಮೂರು ಸಲ ರಿಂಗಾಗುವವರೆಗೆ ಕೇಳಿದ. ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಚಪ್ಪಲಿ ಬಿಟ್ಟು, ಅವಳ ಪಕ್ಕದಲ್ಲೇ ಹಾದು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ.